ಬುಡ ಸ್ಟೀಲಿನದ್ದಾ ಅಂತ ನೋಡಿ

ಪಾತ್ರೆ ತೊಳೆಯುವ ಮೆಷಿನ್ ಕೊಂಡ ಕಥೆ ಹೇಳಬೇಕಾದರೆ ಮೊದಲು ಆಸ್ಪತ್ರೆಯ ಹಾಜರಿ ಮೆಷಿನ್ನಿನ ವಿಷಯ ಹೇಳಬೇಕು. ಸೌದಿಯ ಬೆಟ್ಟದೂರು ಅಭಾದ ನಮ್ಮ ಆಸ್ಪತ್ರೆಯಲ್ಲಿ ಕೆಲಸಕ್ಕೆ ಬಂದ ಕೂಡಲೇ ಬಾಗಿಲ ಪಕ್ಕದ ಸಣ್ಣ ಗಾಜಿನ ಮೇಲೆ ಬೆರಳಿಡಬೇಕು. ಅದಕ್ಕೆ ಇಲ್ಲಿ ಎಲ್ಲರೂ ಬಸ್ಮಾ ಅನ್ನುತ್ತಾರೆ. ಹಸಿರು ದೀಪ ಬಂದರೆ ನೀವು ಬಂದಿದ್ದೀರಿ. ಕೆಂಪು ಬಂದರೆ, ಎದುರಿಗೇ ನಿಂತಿದ್ದರೂ, ನೀವು ಬಂದಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನನಗೆ ಕೆಂಪು ಬಂತು. ತೋರುಬೆರಳು ಇಟ್ಟೆ, ಹೆಬ್ಬೆರಳು ಇಟ್ಟೆ, ಎಡಗೈ ಇಟ್ಟೆ. ಎಲ್ಲದಕ್ಕೂ ಕೆಂಪು. ಹಿಂದೆ ಸಾಲಿನಲ್ಲಿದ್ದವರು "ಯಲ್ಲಾ ಸಿಸ್ಟರ್, ಯಲ್ಲಾ" ಎಂದು ಅವಸರಪಡಿಸತೊಡಗಿದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ತಿರುಗಿ ನೋಡಿದ ರೀತಿಗೆ ಸಾಲು ಎರಡು ಹೆಜ್ಜೆ ಹಿಂದೆ ಹೋಯಿತು. ಆದರೆ ಮೆಷಿನ್ನನ್ನು ಹಾಗೆ ಗದರಿಸಲು ಬರುತ್ತದೆಯೇ?

ತಪ್ಪು ಮೆಷಿನ್ನಿನದ್ದಲ್ಲ ಅಂತ ನನಗೆ ಗೊತ್ತಿತ್ತು. ಎರಡು ತಿಂಗಳಿಂದ ನನ್ನ ಬೆರಳುಗಳ ತುದಿ ಒಡೆದು, ಸಿಪ್ಪೆ ಎದ್ದು, ಗೆರೆಗಳೇ ಅಳಿಸಿಹೋಗಿದ್ದವು. ಆಸ್ಪತ್ರೆಯಲ್ಲಿ ದಿನಕ್ಕೆ ನಲವತ್ತು ಸಲ ಕೈ ತೊಳೆಯುವುದು, ಮನೆಗೆ ಬಂದು ಸಿಂಕಿನ ಮುಂದೆ ನಿಲ್ಲುವುದು. ಮನೆಯಲ್ಲಿ ನಾನು, ಗಂಡ, ಇಬ್ಬರು ಮಕ್ಕಳು, ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಉಡುಪಿಯಿಂದ ಬಂದ ಅತ್ತೆ. ಶುಕ್ರವಾರ ಬಂತೆಂದರೆ ಊರ ಕಡೆಯ ಹತ್ತು ಹನ್ನೆರಡು ಮಂದಿ ಮೀನುಸಾರು ಉಣ್ಣಲು ಬರುತ್ತಿದ್ದರು. ಗಂಡನಿಗೆ ಬೆಟ್ಟದ ಕೆಳಗೆ, ಸಮುದ್ರದ ನೀರನ್ನು ಸಿಹಿ ಮಾಡುವ ಪ್ಲಾಂಟಿನಲ್ಲಿ ಕೆಲಸ, ವಾರದ ಕೊನೆಗೆ ಮಾತ್ರ ಮನೆ. ರಬ್ಬರ್ ಗ್ಲೌಸ್ ಹಾಕಿ ನೋಡಿದ್ದೆ. ಒಳಗೆ ಬೆವರಿ ಗಾಯ ಇನ್ನೂ ಹೆಚ್ಚಾಯಿತು.

ಅವತ್ತೇ ಆಪರೇಷನ್ ಥಿಯೇಟರಿನ ಮೇಲ್ವಿಚಾರಕಿ ನನ್ನ ಕೈ ನೋಡಿದರು. ಫಿಲಿಪೀನ್ಸಿನವರು, ಒಳ್ಳೆಯವರು, ಆದರೆ ನಿಯಮ ಅಂದರೆ ನಿಯಮ. ಒಡೆದ ಕೈಯವರು ಆಪರೇಷನ್‌ಗೆ ನಿಲ್ಲುವ ಹಾಗಿಲ್ಲ. ನನ್ನನ್ನು ಸಾಮಾನಿನ ಕೋಣೆಗೆ ಹಾಕಿದರು. "ನಿಮ್ಮ ಕಾಂಟ್ರಾಕ್ಟ್ ನವೀಕರಣಕ್ಕೆ ಆರು ವಾರ ಉಂಟು. ಅಷ್ಟರೊಳಗೆ ಕೈ ಸರಿಯಾಗದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ತರುತ್ತಾರೆ. ನನ್ನ ಕೈಯಲ್ಲಿ ಏನೂ ಇಲ್ಲ" ಅಂದರು. ಹದಿನಾಲ್ಕು ವರ್ಷ ಥಿಯೇಟರಿನಲ್ಲಿ ನಿಂತವಳು ನಾನು. ಸರ್ಜನ್ ಬಾಯಿ ತೆರೆಯುವ ಮೊದಲೇ ಕತ್ತರಿ ಅವರ ಅಂಗೈಯಲ್ಲಿ ಇರುತ್ತಿತ್ತು. ಆ ಕೆಲಸ ಒಂದು ಸಿಂಕಿನಿಂದ ಹೋಗುವುದೆಂದರೆ! ಸಾಮಾನಿನ ಕೋಣೆಯಲ್ಲಿ ಹತ್ತಿಯ ಕಟ್ಟುಗಳ ನಡುವೆ ಕುಳಿತು ಚೆನ್ನಾಗಿ ಅತ್ತುಬಿಟ್ಟೆ.

ಚರ್ಮದ ಡಾಕ್ಟರು ಮುಲಾಮು ಬರೆದರು. "ಮನೆಯಲ್ಲಿ ನೀರು, ಸೋಪು ಮುಟ್ಟಬಾರದು. ಪಾತ್ರೆಯಂತೂ ಬೇಡವೇ ಬೇಡ" ಅಂದರು. ಹಾಗೆ ನಮ್ಮ ಮನೆಗೆ ಡಿಶ್‌ವಾಷರ್ ತರುವ ತೀರ್ಮಾನವಾಯಿತು.

ನನ್ನ ಗಂಡನಿಗೆ ಯಾವ ಸಾಮಾನು ಕೊಳ್ಳುವುದಿದ್ದರೂ ಗುಂಡಿ ಜಾಸ್ತಿ ಇರಬೇಕು. ಮೊಬೈಲಿನಲ್ಲಿ ನೋಡಿ ನೋಡಿ, ತಾನಾಗಿ ಬಾಗಿಲು ತೆರೆಯುವ, ಒಳಗೆ ನೀಲಿ ದೀಪ ಉರಿಯುವ ಒಂದನ್ನು ಆರಿಸಿಟ್ಟಿದ್ದರು. ನನಗೆ ಬೇಕಾದದ್ದು ಒಂದೇ: ನಡುವೆ ಕೈ ಕೊಡಬಾರದು. ಆರು ವಾರದಲ್ಲಿ ಒಂದು ವಾರ ಅದು ಕೆಟ್ಟು ಕೂತರೂ ನನ್ನ ಕೆಲಸ ಹೋದ ಹಾಗೆಯೇ. ಅದಕ್ಕೆ ಬಂಟ್ವಾಳ ಕಡೆಯ ಒಬ್ಬ ಬ್ಯಾರಿ ಸಾಹೇಬರನ್ನು ಕೇಳಿದೆವು. ಮೂವತ್ತು ವರ್ಷದಿಂದ ಅಭಾದಲ್ಲಿ ಫ್ರಿಜ್ಜು, ವಾಷಿಂಗ್ ಮೆಷಿನ್ ರಿಪೇರಿ ಮಾಡುವವರು. ಗಡ್ಡ ಬೆಳ್ಳಗಾಗಿದೆ, ಸ್ಕ್ರೂಡ್ರೈವರ್ ಮಾತ್ರ ಕಿಸೆಯಲ್ಲೇ ಇರುತ್ತದೆ.

"ಹೊಸ ಮೆಷಿನ್ ಎಲ್ಲ ಚಂದವೇ ಇರ್ತದೆ ಸಿಸ್ಟರೇ. ಮೂರು ವರ್ಷ ಆದ್ಮೇಲೆ ನನ್ನ ಹತ್ರ ಬರ್ತದಲ್ಲ, ಆಗ ಅದರ ಬಣ್ಣ ಗೊತ್ತಾಗೋದು" ಅಂದರು. "ಬುಡ ಸ್ಟೀಲಿನದ್ದಾ ಅಂತ ನೋಡಿ. ಪ್ಲಾಸ್ಟಿಕ್ ಬುಡ ಬಿಸಿನೀರಿಗೆ ಬಳುಕ್ತದೆ, ಆಮೇಲೆ ಸೋರ್ತದೆ. ಫಿಲ್ಟರ್ ಕೈಯಲ್ಲೇ ತಿರುಗಿಸಿ ತೆಗೀಲಿಕ್ಕೆ ಆಗ್ಬೇಕು. ಉಪ್ಪು ಹಾಕುವ ಡಬ್ಬಿ ಬೇಕೇ ಬೇಕು, ಇಲ್ಲಿಯ ಟ್ಯಾಂಕರ್ ನೀರು ಅಂದ್ರೆ ಸುಣ್ಣವೇ. ಮತ್ತೆ ಅದರ ಪಂಪು ಅಭಾದಲ್ಲೇ ಸಿಗ್ತದಾ ಅಂತ ಕೇಳಿ. ಜಿದ್ದಾದಿಂದ ಬರ್ಬೇಕು ಅಂತ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ."

"ಮೊಬೈಲ್‌ನಲ್ಲಿ ನಡೆಯುವಂಥದ್ದು?" ಗಂಡ ಆಸೆಯಿಂದ ಕೇಳಿದರು.

"ಅದು ನಿಮಗೆ ಆಡ್ಲಿಕ್ಕೆ ಮಾರಾಯ್ರೆ. ಪಾತ್ರೆಗಲ್ಲ."

ಶನಿವಾರ ಸಾಹೇಬರನ್ನೂ ಕರೆದುಕೊಂಡು ಎಲ್ಲರೂ ಶೋರೂಮಿಗೆ ಹೊರಟೆವು. ಅತ್ತೆ ಒಂದು ದೊಡ್ಡ ಚೀಲ ಹಿಡಿದು ಕಾರು ಹತ್ತಿದರು. ನೋಡಿದರೆ ನಮ್ಮ ದೊಡ್ಡ ಸ್ಟೀಲ್ ಕುಕ್ಕರು, ಇಡ್ಲಿ ತಟ್ಟೆ, ಶುಕ್ರವಾರದ ಅನ್ನದ ಪಾತ್ರೆ, ಒಂದು ಅಂಚಿನ ಬಟ್ಟಲು, ಅಂದರೆ ಊಟದ ತಟ್ಟೆ. "ಬಟ್ಟೆ ಅಂಗಡಿಯಲ್ಲಿ ಅಳತೆ ನೋಡದೆ ರವಿಕೆ ಕಣ ತರ್ತೀಯಾ?" ಎಂದು ನನ್ನನ್ನೇ ಕೇಳಿದರು. ನಾವು ಮನೆಯಲ್ಲಿ ಆಡುವುದು ತುಳು, ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ತುಳುವಿನಲ್ಲಿ ಅವರ ಮಾತಿಗೆ ಇನ್ನೂ ಸ್ವಲ್ಪ ಖಾರ ಜಾಸ್ತಿ. ದೊಡ್ಡ ಮಗಳು "ಅಜ್ಜಿ, ಪ್ಲೀಸ್, ಕುಕ್ಕರ್ ಬೇಡ" ಎಂದು ಮುಖ ಮುಚ್ಚಿಕೊಂಡಳು. ಅಜ್ಜಿ ಕೇಳಬೇಕಲ್ಲ.

ಶೋರೂಮಿನ ಬಾಗಿಲಲ್ಲಿ ಕಾವಲಿನವನು ಚೀಲ ಬಿಚ್ಚಿಸಿ, ಕುಕ್ಕರನ್ನು ಎತ್ತಿ, ಅದರ ಸೀಟಿಯನ್ನೂ ಪರೀಕ್ಷೆ ಮಾಡಿ ಒಳಗೆ ಬಿಟ್ಟ. ಹೈದರಾಬಾದಿನ ಸೇಲ್ಸ್‌ಮನ್ ಮೊದಲು ನೀಲಿ ದೀಪದ್ದರ ಮುಂದೆಯೇ ನಿಲ್ಲಿಸಿದ. "ಅಮ್ಮಾ, ಇದನ್ನು ಮೊಬೈಲಿನಿಂದಲೇ ನಡೆಸಬಹುದು" ಎಂದು ಹಿಂದಿಯಲ್ಲಿ ಹೇಳಿದ್ದನ್ನು ಅತ್ತೆಗೆ ತಿಳಿಸಿದೆ.

"ಬಟ್ಟಲನ್ನ ಒಳಗೆ ಇಡುವವರು ಯಾರಂತೆ? ಅದೂ ಮೊಬೈಲಾ?" ಅಂದವರೇ ಕೆಳಗಿನ ಜಾಲರಿ ಬುಟ್ಟಿಯನ್ನು ಎಳೆದು ಕುಕ್ಕರ್ ಇಟ್ಟರು. ಬಾಗಿಲು ಹಾಕಿಕೊಳ್ಳಲಿಲ್ಲ. "ಆಗುದಿಲ್ಲ. ಮುಂದಿನದ್ದು."

ಅಷ್ಟರಲ್ಲಿ ಸಾಹೇಬರು ನೆಲದ ಮೇಲೆ ಅಂಗಾತ ಮಲಗಿ, ಮೊಬೈಲ್ ಟಾರ್ಚು ಹಿಡಿದು ಒಂದೊಂದರ ಬುಡ ನೋಡುತ್ತ ಸಾಗಿದ್ದರು. ಶೋರೂಮಿನ ಅರಬ್ಬಿ ಮ್ಯಾನೇಜರು ಬಂದು, "ಯಾ ಹಾಜಿ, ಕಾರು ಕೊಳ್ಳಲು ಬಂದಿದ್ದೀರಾ?" ಎಂದು ನಗಾಡಿದ. ಸಾಹೇಬರು ಅಡಿಯಿಂದಲೇ ಅರಬ್ಬಿಯಲ್ಲಿ ಏನೋ ಹೇಳಿದರು. ಮ್ಯಾನೇಜರು ನಗುವುದು ನಿಲ್ಲಿಸಿ ಚಹಾ ತರಿಸಿದ. ಕೊನೆಗೆ ಮೂಲೆಯಲ್ಲಿದ್ದ ಒಂದು ಬೆಳ್ಳನೆಯ, ಆರೇ ಗುಂಡಿಯ, ನೋಡಲು ಸರ್ಕಾರಿ ಕಚೇರಿಯ ಕಪಾಟಿನಂತಿದ್ದ ಮೆಷಿನ್ ಪಾಸಾಯಿತು. ಬುಡ ಸ್ಟೀಲು. ಫಿಲ್ಟರು ಕೈಗೆ ಬಂತು. ಪಂಪು ಅಭಾದಲ್ಲೇ ಉಂಟು. ಕುಕ್ಕರು ಹಿಡಿಸಿತು, ಅನ್ನದ ಪಾತ್ರೆ ಅಡ್ಡ ಮಲಗಿತು, ಅಂಚಿನ ಬಟ್ಟಲು ಸಾಲಿನಲ್ಲಿ ನಿಂತಿತು. ಗಂಡ ಮಾತ್ರ ನೀಲಿ ದೀಪವನ್ನು ಒಮ್ಮೆ ತಿರುಗಿ ನೋಡಿದರು, ಪಾಪ.

ಎರಡು ದಿನದಲ್ಲಿ ಜೋಡಿಸಿ ಹೋದರು. ಇನ್ನು ಗೆದ್ದೆ ಅಂದುಕೊಂಡೆ.

ಎಲ್ಲಿಯ ಗೆಲ್ಲುವುದು! ಎರಡು ವಾರ ಕಳೆದರೂ ಕೈ ಹಾಗೆಯೇ ಇತ್ತು. ಚರ್ಮದ ಡಾಕ್ಟರು ಕನ್ನಡಕ ಕೆಳಗಿಳಿಸಿ, "ನೀವು ಇನ್ನೂ ನೀರಿನಲ್ಲಿ ಕೈ ಹಾಕುತ್ತಿದ್ದೀರಿ" ಅಂದರು. "ಇಲ್ಲ, ಡಿಶ್‌ವಾಷರ್ ತಂದಿದ್ದೇವೆ" ಎಂದು ನಾನು ಜೋರು ಮಾಡಿದೆ. ಅವರು ಮುಲಾಮಿನ ಹೆಸರನ್ನೇ ಇನ್ನೊಮ್ಮೆ ಬರೆದುಕೊಟ್ಟರು. ಮನೆಗೆ ಬಂದರೆ ಮೆಷಿನ್ನಿನಿಂದ ತೆಗೆದ ಕುಕ್ಕರಿನ ತಳದಲ್ಲಿ ಅನ್ನದ ಗಂಜಿ ಬಿಳಿ ಪೊರೆಯಾಗಿ ಅಂಟಿಕೊಂಡೇ ಇತ್ತು. ಲೋಟಗಳಿಗೆ ಮಬ್ಬು. ನವೀಕರಣಕ್ಕೆ ಉಳಿದದ್ದು ಮೂರು ವಾರ. ನನ್ನ ಸಿಟ್ಟು ನೆತ್ತಿಗೇರಿತು. ಸಾಹೇಬರಿಗೆ ಫೋನ್ ಮಾಡಿ, "ನಿಮ್ಮ ಸ್ಟೀಲಿನ ಬುಡಕ್ಕೆ ಬೆಂಕಿ ಬೀಳ್ಲಿ! ಒಂದು ಕುಕ್ಕರ್ ತೊಳೀಲಿಕ್ಕೆ ಬರುದಿಲ್ಲ ಇದಕ್ಕೆ!" ಎಂದು ಕೂಗಾಡಿದೆ. ದೊಡ್ಡವರಿಗೆ ಹಾಗೆ ಹೇಳಬಾರದಿತ್ತು. ಆದರೆ ನನ್ನ ಬಾಯಿ ನನ್ನ ಮಾತು ಕೇಳಿದ್ದು ಯಾವಾಗ?

ಅವರು ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ನೇರ ಬಂದರು. ನೀರು ಬರುವ ಪೈಪು ನೋಡಿದರು, ಫಿಲ್ಟರು ತೆಗೆದು ಮೂಸಿದರು, ಒಳಗೆ ನೀರು ಚಿಮ್ಮಿಸುವ ರೆಕ್ಕೆಗಳನ್ನು ತಿರುಗಿಸಿದರು. "ಮೆಷಿನ್‌ಗೆ ಎಂತದ್ದೂ ಆಗಲಿಲ್ಲ ಸಿಸ್ಟರೇ. ಫಿಲ್ಟರಿನಲ್ಲಿ ಒಂದು ಅಗುಳೂ ಇಲ್ಲ" ಎಂದು ತಲೆ ಕೆರೆದುಕೊಂಡರು. ಆಮೇಲೆ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು, "ನೀವು ದಿನಾ ಹಾಕುವ ಹಾಗೆ ಹಾಕಿ. ನಾನು ನೋಡ್ತೇನೆ" ಅಂದರು.

ಮಧ್ಯಾಹ್ನದ ಪಾತ್ರೆಗಳು ಕಟ್ಟೆಯ ಮೇಲಿದ್ದವು. ನಾನು ಒಂದು ಬಟ್ಟಲು ತೆಗೆದುಕೊಂಡು, ನಲ್ಲಿ ತಿರುಗಿಸಿ, ಸೋಪು ಹಚ್ಚಿ, ನಾರಿನಿಂದ ತಿಕ್ಕಿ, ತೊಳೆದು, ಮೆಷಿನ್ನಿನ ಸಾಲಿನಲ್ಲಿ ಇಟ್ಟೆ. ಎರಡನೆಯದಕ್ಕೆ ಕೈ ಹಾಕಿದೆ.

"ನಿಲ್ಲಿ" ಅಂದರು ಸಾಹೇಬರು. "ಇದು ಎಂತ ಮಾಡುದು ನೀವು?"

"ತೊಳೀತಾ ಇದ್ದೇನೆ."

"ಮತ್ತೆ ಇದು?" ಎಂದು ಮೆಷಿನ್ ತೋರಿಸಿದರು. "ತೊಳೆದದ್ದನ್ನ ಬೆಚ್ಚಗೆ ಮಾಡ್ಲಿಕ್ಕಾ?"

ನಾನು ಕೈಯಲ್ಲಿದ್ದ ಬಟ್ಟಲು ನೋಡಿದೆ, ಮೆಷಿನ್ ನೋಡಿದೆ. ಓದುವವರಿಗೆ ನಗು ಬರಬಹುದು, ಇವಳಿಗೇನು ತಲೆ ಕೆಟ್ಟಿತ್ತಾ ಅಂತ. ಆದರೆ ನಮ್ಮ ಕಡೆ ಹುಟ್ಟಿದವರಿಗೆ ಗೊತ್ತು. ಉಂಡ ಬಟ್ಟಲು, ಅನ್ನದ ಪಾತ್ರೆ ತೊಳೆಯುವ ತನಕ ಮುಸುರೆ. ಮುಸುರೆಯನ್ನು ಹಾಗೆಯೇ ಒಂದು ಪೆಟ್ಟಿಗೆಯೊಳಗೆ ಬಾಗಿಲು ಮುಚ್ಚಿ, ಮೆಷಿನ್ ತುಂಬಲಿ ಎಂದು ಸಂಜೆಯವರೆಗೆ ಮನೆಯೊಳಗೇ ಇಡುವುದೆಂದರೆ ಕೈ ಏಳುವುದಿಲ್ಲ. ಅದರಲ್ಲೂ ಮೀನು ತಿಂದ ಬಟ್ಟಲಿನ ಪಕ್ಕ ಹಾಲಿನ ಪಾತ್ರೆ. ಮೊದಲ ದಿನವೇ ನನಗೆ ಮೈ ಜುಮ್ಮೆಂದಿತ್ತು. ಹಿಂದೆ ಅತ್ತೆ ನಿಂತಿದ್ದರು ಬೇರೆ. ಒಮ್ಮೆ ತೊಳೆದು ಹಾಕಿದರೆ ಮುಸುರೆ ಅಲ್ಲವಲ್ಲ ಎಂದು ತೊಳೆದು ಹಾಕಿದೆ. ಭಾರದ ಕುಕ್ಕರಿಗೆ ಮಾತ್ರ ಒಮ್ಮೆ ನೀರು ತೋರಿಸಿದ್ದಷ್ಟೇ. ಎರಡನೆಯ ದಿನದಿಂದ ಅದೇ ಕ್ರಮವಾಯಿತು. ಅದನ್ನು ತೊಳೆಯುವುದು ಅಂತ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಡಾಕ್ಟರಿಗೆ ನಾನು ಹೇಳಿದ್ದು ಸುಳ್ಳು ಅಂತಲೂ ಗೊತ್ತಿರಲಿಲ್ಲ.

ಸಾಹೇಬರು ನಗಲಿಲ್ಲ, ಅದು ಅವರ ದೊಡ್ಡತನ. ನಿಧಾನವಾಗಿ ಹೇಳಿದರು: "ಇದರೊಳಗೆ ಒಂದು ಕಣ್ಣು ಉಂಟು ಸಿಸ್ಟರೇ. ಮೊದಲು ಸ್ವಲ್ಪ ನೀರು ಬಿಟ್ಟು, ಆ ನೀರು ಎಷ್ಟು ಕೊಳೆ ಆಯ್ತು ಅಂತ ನೋಡ್ತದೆ. ನೀವು ಹದಿನೈದು ಬಟ್ಟಲು ಫಳಫಳ ತೊಳೆದು ಹಾಕಿದ್ರೆ, ಓ, ಇವತ್ತು ಕೆಲಸ ಇಲ್ಲ ಅಂತ ಬೇಗ ಬೇಗ ನೀರು ಕುಡಿಸಿ ಮುಗಿಸ್ತದೆ. ಕುಕ್ಕರಿನ ಗಂಜಿ ಎಲ್ಲಿ ಹೋಗ್ತದೆ ಮತ್ತೆ? ಒಳಗೆ ಹಾಕುವ ಸೋಪಿನ ಪುಡಿಗೂ ಕಚ್ಚಲಿಕ್ಕೆ ಸ್ವಲ್ಪ ಜಿಡ್ಡು ಬೇಕು. ದೊಡ್ಡ ಚೂರುಗಳನ್ನ ಉದುರಿಸಿ, ಹಾಗೇ ಹಾಕಿ."

"ಹಾಗೇ ಹಾಕಿದ್ರೆ ನಮ್ಮ ಅತ್ತೆಗೆ..." ಎಂದು ನಾನು ದನಿ ತಗ್ಗಿಸಿದೆ. "ಅವರಿಗೆ ಮುಸುರೆ ಒಳಗೆ ಇಟ್ರೆ ಆಗುದಿಲ್ಲ."

ಬಾಗಿಲ ಬಳಿ ಅತ್ತೆ ನಿಂತಿದ್ದರು. ಯಾವಾಗ ಬಂದರೋ. "ನನಗಾ?" ಅಂದರು. "ನಾನು ಹೇಳಿದ್ನಾ? ಯಾವಾಗ ಹೇಳಿದೆ? ನೀನು ತೊಳೆದು ತೊಳೆದು ಹಾಕುದು ನೋಡಿ, ಆಸ್ಪತ್ರೆಯವಳಲ್ಲಾ, ಅದು ಹಾಗೇ ಮಾಡ್ಬೇಕೋ ಏನೋ ಅಂತ ನಾನು ಸುಮ್ಮನಿದ್ದದ್ದು. ನಿನಗೆ ಕಷ್ಟ ಆಗ್ತದೆ ಅಂತ, ನೀನು ಬರುವ ಮೊದಲು ನಾನೇ ಒಂದು ಸಲ ತೊಳೆದು ಕಟ್ಟೆ ಮೇಲೆ ಇಡ್ತಾ ಇದ್ದೆ!"

ಅಯ್ಯೋ ದೇವರೇ! ಒಂದೊಂದು ಬಟ್ಟಲಿಗೆ ಮೂರು ಮೂರು ಸ್ನಾನ. ಮೊದಲು ಅತ್ತೆ, ಆಮೇಲೆ ನಾನು, ಕೊನೆಗೆ ಮೆಷಿನ್. ಕಟ್ಟೆಯ ಮೇಲಿನ ಬಟ್ಟಲು ತೊಳೆದದ್ದೋ ಅಲ್ಲವೋ ಅಂತ ನಾನು ಒಮ್ಮೆಯೂ ನೋಡಿರಲಿಲ್ಲ. ಸಾಹೇಬರಿಗೆ ಇನ್ನು ತಡೆಯಲಾಗಲಿಲ್ಲ. ಸ್ಟೂಲಿನ ಮೇಲೆ ಕುಳಿತಲ್ಲೇ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಮೂವತ್ತು ವರ್ಷದಲ್ಲಿ ಇಂಥ ರಿಪೇರಿ ಸಿಕ್ಕಿರ್ಲಿಲ್ಲ ಅಮ್ಮ" ಅಂದರು.

ಅತ್ತೆ ನಗಲಿಲ್ಲ. ನನ್ನ ಕೈಯಿಂದ ನಾರು ಕಿತ್ತುಕೊಂಡು, ನಲ್ಲಿ ನಿಲ್ಲಿಸಿದರು. "ಮುಸುರೆ ಒಳಗೆ ಇಡುದು ನನಗೆ ಇಷ್ಟ ಅಂತ ಹೇಳುದಿಲ್ಲ. ಇಷ್ಟ ಇಲ್ಲ. ಆದ್ರೆ ಇದು ನೋಡು" ಎಂದು ತಮ್ಮ ಹತ್ತೂ ಬೆರಳುಗಳನ್ನು ನನ್ನ ಮುಖದ ಮುಂದೆ ಹಿಡಿದರು. "ಬಂದಿಳಿದ ದಿನ ಏರ್‌ಪೋರ್ಟಿನ ಮೆಷಿನ್ ನನ್ನ ಬೆರಳು ಹಿಡೀಲಿಲ್ಲ. ನಿನ್ನ ಗಂಡ ಹೇಳಿದ್ನಲ್ಲ, ನೀವೆಲ್ಲ ನಗಾಡಿದ್ರಿ."

ಹೌದು, ನಗಾಡಿದ್ದೆವು. ಜಿದ್ದಾದಲ್ಲಿ ಇಳಿದಾಗ ಪೊಲೀಸರು ಅತ್ತೆಯ ಬೆರಳನ್ನು ಹತ್ತು ಸಲ ಒತ್ತಿಸಿ, ಒರೆಸಿ, ಎಣ್ಣೆ ಹಚ್ಚಿಸಿ, ಕೊನೆಗೆ ಬೇರೊಬ್ಬ ಅಧಿಕಾರಿಯನ್ನು ಕರೆಸಿ ಒಂದು ಗಂಟೆ ನಿಲ್ಲಿಸಿದ್ದರು. ಅವರನ್ನು ಕರೆತಂದ ನನ್ನ ಗಂಡ ಮನೆಗೆ ಬಂದು ಅದನ್ನು ಅಭಿನಯಿಸಿ ತೋರಿಸಿದಾಗ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನಾನೂ ನಕ್ಕಿದ್ದೆ. ವಯಸ್ಸಾದವರಿಗೆ ಹಾಗಾಗುತ್ತದೆ ಎಂದು ನರ್ಸಿನ ಗತ್ತಿನಲ್ಲಿ ವಿವರಣೆ ಬೇರೆ ಕೊಟ್ಟಿದ್ದೆ.

"ಹದಿನೇಳನೇ ವರ್ಷಕ್ಕೆ ಮದುವೆಯಾಗಿ ಊರಿನ ಮನೆಗೆ ಬಂದೆ. ಬೂದಿ, ತೆಂಗಿನ ನಾರು. ಇಪ್ಪತ್ತು ಜನರ ಪಾತ್ರೆ" ಅಂದರು ಅತ್ತೆ. "ಆ ಪೊಲೀಸಿನವನು ಕೈ ನೋಡ್ತಾ ಇರುವಾಗ ನನಗೆ ಎಷ್ಟು ನಾಚಿಕೆ ಆಯ್ತು ಗೊತ್ತುಂಟಾ? ನಾನು ಯಾರು ಅಂತ ಹೇಳ್ಲಿಕ್ಕೆ ನನ್ನ ಬೆರಳಲ್ಲಿ ಒಂದು ಗೆರೆ ಇಲ್ಲ ಮಗಾ. ನಿನ್ನದೂ ಹಾಗೆ ಆಗ್ಬೇಕಾ? ನಿನ್ನ ಕೈಯಲ್ಲಿ ಕೆಲಸ ಉಂಟು."

ನನಗೆ ಅಳು ಬಂತು. ಎರಡು ತಿಂಗಳಿಂದ ನನ್ನ ಬೆರಳನ್ನೇ ನೋಡಿಕೊಂಡು ಗೋಳಾಡುತ್ತಿದ್ದೆ. ಒಂದೇ ಮನೆಯಲ್ಲಿ, ಒಂದೇ ಸಿಂಕಿನ ಮುಂದೆ ನಿಂತರೂ ಅವರ ಬೆರಳು ನನಗೆ ಕಂಡಿರಲಿಲ್ಲ. ಸಾಹೇಬರು ಸದ್ದಿಲ್ಲದೆ ಎದ್ದು ಫಿಲ್ಟರ್ ಜೋಡಿಸತೊಡಗಿದರು.

ಆ ಸಂಜೆ ಅತ್ತೆಯೇ ಮುಸುರೆ ಬಟ್ಟಲುಗಳನ್ನು ಒಳಗಿಟ್ಟರು. ಮೀನಿನ ಮುಳ್ಳು, ಕರಿಬೇವು ಉದುರಿಸಲು ನನ್ನ ಹಳೆಯ ಆಸ್ಪತ್ರೆ ಕಾರ್ಡು ಒಳ್ಳೆಯದಾಯಿತು. ಮೊದಲ ಬಟ್ಟಲು ಇಡುವಾಗ ಅವರು ಒಮ್ಮೆ ಕಣ್ಣು ಮುಚ್ಚಿದ್ದನ್ನು ನೋಡಿದೆ. ಮೀನಿನ ಮಣ್ಣಿನ ಚಟ್ಟಿ ಮಾತ್ರ ಹೊರಗೆ. ಅದು ಗಂಡನ ಪಾಲಿಗೆ, ವಾರಕ್ಕೊಮ್ಮೆ. ಎರಡೂಕಾಲು ಗಂಟೆ ಮೆಷಿನ್ ಗುರುಗುಟ್ಟಿತು. ತೆರೆದರೆ ಕುಕ್ಕರಿನ ತಳದಲ್ಲಿ ಅತ್ತೆಯ ಮುಖ ಕಾಣುತ್ತಿತ್ತು. ಬೆರಳಿನಿಂದ ಒಂದು ಸಲ ಒರೆಸಿ, ಮೂಸಿ ನೋಡಿ, "ಅಡ್ಡಿ ಇಲ್ಲ" ಅಂದರು. ಅವರ ಬಾಯಲ್ಲಿ ಅಡ್ಡಿ ಇಲ್ಲ ಅಂದರೆ ಅದೇ ದೊಡ್ಡ ಬಹುಮಾನ.

ಆಮೇಲೆ ನಮ್ಮಿಬ್ಬರ ಕೈಗೂ ಸಿಂಕು ಬಂದ್. ನಾನು ಮುಲಾಮು ಹಚ್ಚಿಕೊಳ್ಳುತ್ತಿದ್ದೆ, ಅತ್ತೆ ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತಿದ್ದರು. ಹತ್ತನೆಯ ದಿನಕ್ಕೆ ನನ್ನ ಬಿರುಕುಗಳು ಮುಚ್ಚಿದವು. ಹದಿನೆಂಟನೆಯ ದಿನ ಮೇಲ್ವಿಚಾರಕಿ ನನ್ನ ಕೈಗಳನ್ನು ದೋಸೆ ಮಗುಚಿದ ಹಾಗೆ ಆಚೆ ಈಚೆ ತಿರುಗಿಸಿ ನೋಡಿ, ಥಿಯೇಟರಿನ ಪಟ್ಟಿಯಲ್ಲಿ ನನ್ನ ಹೆಸರು ಬರೆದರು. ಮರುದಿನ ಬಸ್ಮಾದ ಗಾಜಿಗೆ ಬೆರಳಿಟ್ಟೆ. ಹಸಿರು. ನಂಬಿಕೆ ಬರದೆ ಇನ್ನೊಮ್ಮೆ ಇಟ್ಟೆ. ಹಿಂದಿನವರು "ಯಲ್ಲಾ ಸಿಸ್ಟರ್" ಅಂದರು, ಅವತ್ತು ನನಗೆ ಸಿಟ್ಟೇ ಬರಲಿಲ್ಲ. ಆಪರೇಷನ್‌ಗೆ ಮುಂಚೆ ಮೊಣಕೈವರೆಗೆ ತೊಳೆಯುವಾಗ ಔಷಧಿ ನೀರು ಉರಿಯಲಿಲ್ಲ. ಅಬ್ಬ! ಎಂದು ಜೋರಾಗಿಯೇ ಉಸಿರು ಬಿಟ್ಟೆ. ಪಕ್ಕದಲ್ಲಿ ತೊಳೆಯುತ್ತಿದ್ದ ಸರ್ಜನ್ ಏನಾಯಿತು ಎಂದು ನೋಡಿದರು. ಅವರಿಗೆ ಎಲ್ಲಿಂದ ಹೇಳಲಿ?

ಅತ್ತೆಯ ವೀಸಾ ಮುಗಿಯಿತು. ಗಂಡ ರಜೆ ಹಾಕಿ ಜೊತೆಗೆ ಹೊರಟರು. ಹೋಗುವಾಗಲೂ ಜಿದ್ದಾದಲ್ಲಿ ಬೆರಳು ಒತ್ತಬೇಕಲ್ಲ ಎಂದು ಅತ್ತೆಗೆ ಎರಡು ದಿನದಿಂದ ಅದೇ ಚಿಂತೆ. ತಿಕ್ಕುವುದು ನಿಂತರೆ ಗೆರೆ ತಿರುಗಿ ಮೂಡುತ್ತದೆ ಎಂದು ಧೈರ್ಯ ಹೇಳಿದೆ. ಎಪ್ಪತ್ತರ ಹತ್ತಿರದ ಚರ್ಮಕ್ಕೆ ಅದು ಎಷ್ಟು ಸತ್ಯವೋ ನನಗೂ ಗೊತ್ತಿರಲಿಲ್ಲ. ಡ್ಯೂಟಿ ಮುಗಿಸಿ ಬಂದು ಫೋನನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ.

ಫೋನ್ ಬಂತು. "ತಕ್ಕೊಂಡಿತು ಮಗಾ!" ಅತ್ತೆಯ ದನಿಗೆ ನಾನು ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. "ನಾಲ್ಕು ಬೆರಳು ಇಟ್ಟೆ, ಎರಡನೇ ಸಲಕ್ಕೆ ತಕ್ಕೊಂಡಿತು! ಹಸಿರು ಬಂತು! ಆ ಪೊಲೀಸಿನವನು ಹೋಗಿ ಅಂತ ಕೈ ಮಾಡಿದ, ನಾನು ಇನ್ನೊಂದು ಕೈಯೂ ಇಡ್ಲಾ ಅಂತ ಕೇಳಿದೆ."

ನಾನು ನಕ್ಕೆ, ಕಣ್ಣು ತುಂಬಿಕೊಂಡೇ ನಕ್ಕೆ. ಆ ಕಡೆ ಏರ್‌ಪೋರ್ಟಿನ ಗದ್ದಲ. ಆಮೇಲೆ ಅವರು ದನಿ ತಗ್ಗಿಸಿ, ಪಕ್ಕದಲ್ಲಿದ್ದ ಮಗನಿಗೆ ಕೇಳಬಾರದೆನ್ನುವಂತೆ ಹೇಳಿದರು.

"ಊರ ಮನೆಗೂ ಒಂದು ಬೇಕು. ಹದಿನೇಳನೇ ವರ್ಷದಿಂದ ಯಾರ ಹತ್ರವೂ ಎಂತ ಕೇಳ್ಲಿಲ್ಲ ನಾನು, ಈಗ ಕೇಳ್ತಾ ಇದ್ದೇನೆ. ಇವನ ಹತ್ರ ಹೇಳಿದ್ರೆ ದೀಪ ಉರಿಯುವಂಥದ್ದು ತರ್ತಾನೆ. ನೀನೇ ನೋಡು. ಬುಡ ಸ್ಟೀಲಿನದ್ದೇ ಇರ್ಲಿ. ಕುಕ್ಕರಿನ ಅಳತೆ ನಾನು ಕಳಿಸ್ತೇನೆ."